ಕಡಲಾಚೆ ಉಳಿದ ಮಕ್ಕಳ ಹಬ್ಬ

ಕಿಟೆಲ್ ಕೋಶ ತೆರೆದು ಅರ್ಥ ಹುಡುಕುವ ನಮಗೆ ಕಿಟೆಲರ ಮನೆಯಲ್ಲಿ ಡಿಸೆಂಬರ್ ತಿಂಗಳು ಹೇಗಿದ್ದೀತು ಎಂಬ ಯೋಚನೆ ಬರುವುದಿಲ್ಲ. ಕನ್ನಡದ ಮೊದಲ ಪತ್ರಿಕೆ ಯಾವುದು ಎಂದರೆ ಮಕ್ಕಳು 'ಮಂಗಳೂರ ಸಮಾಚಾರ, 1843, ಮೋಗ್ಲಿಂಗ್' ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ನಾವೇ ಬಾಯಿಪಾಠ ಮಾಡಿಸಿದ್ದು. ಆ ಗಡ್ಡದ ಪಾದ್ರಿಗಳಿಗೂ ಹಬ್ಬಗಳಿದ್ದವು, ಹಬ್ಬ ಬಂದರೆ ಊರಿನ ನೆನಪಾಗುತ್ತಿತ್ತು, ಅವರಿಗೂ ಹೆಂಡತಿ ಮಕ್ಕಳಿದ್ದರು ಎಂಬುದು ಮಾತ್ರ ಯಾವ ಪಾಠದಲ್ಲೂ ಇಲ್ಲ.

ಬಾಸೆಲ್ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಗೆ ಬಂದಿಳಿದು ಅದೇ ತಿಂಗಳ ಕೊನೆಗೆ ಮಂಗಳೂರು ಸೇರಿದರು. ಎರಡು ತಿಂಗಳೂ ಕಳೆದಿಲ್ಲ, ಕ್ರಿಸ್ಮಸ್ ಬಂತು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಾದರೂ ಆ ಮಿಷನ್ನಿಗೆ ಸೇರಿದವರಲ್ಲಿ ಬಹುಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಹಳ್ಳಿ ಪಟ್ಟಣಗಳವರು. ಅಲ್ಲಿ ಡಿಸೆಂಬರ್ ಎಂದರೆ ಹಿಮ; ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಇಪ್ಪತ್ತನಾಲ್ಕನೆಯ ತಾರೀಖಿನ ಸಂಜೆ ಮನೆಯ ಒಂದು ಕೋಣೆಯ ಬಾಗಿಲು ಮುಚ್ಚಿರುತ್ತದೆ. ಒಳಗೆ ದೊಡ್ಡವರು ಮರಕ್ಕೆ ಮೇಣದ ಬತ್ತಿ ಹಚ್ಚಿ ಉಡುಗೊರೆ ಜೋಡಿಸುತ್ತಾರೆ, ಹೊರಗೆ ಮಕ್ಕಳು ತುದಿಗಾಲಲ್ಲಿ ಕಾಯುತ್ತಾರೆ. ಬಾಗಿಲು ತೆರೆದ ಆ ಗಳಿಗೆಯೇ ಹಬ್ಬ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪದ್ಧತಿ ಜರ್ಮನ್ ಮನೆಗಳಲ್ಲಿ ಬಲವಾಗಿ ಬೇರೂರಿತು. ಮಕ್ಕಳೇ ಇಲ್ಲದ ಮನೆಯಲ್ಲಿ ಆ ಬಾಗಿಲನ್ನು ಯಾರಿಗಾಗಿ ಮುಚ್ಚುವುದು, ಯಾರಿಗಾಗಿ ತೆರೆಯುವುದು?

ಇಲ್ಲಿ ಮಂಗಳೂರಿನಲ್ಲೋ, ಮಳೆ ಕಳೆದು ಆಕಾಶ ತೊಳೆದಿಟ್ಟ ಹಾಗಿರುವ ಕಾಲ ಅದು. ಭತ್ತ ಮನೆಗೆ ಬಂದಿರುತ್ತದೆ, ಕಂಬಳದ ಗದ್ದೆಗಳು ಸಜ್ಜಾಗುತ್ತವೆ, ರಾತ್ರಿಯಾದರೆ ಎಲ್ಲಿಂದಲೋ ಕೋಲದ ತೆಂಬರೆಯ ಸದ್ದು. ಕ್ರಿಸ್ಮಸ್ ಈ ಊರಿಗೆ ಹೊಸದೇನೂ ಆಗಿರಲಿಲ್ಲ. ರೊಸಾರಿಯೊ ಇಗರ್ಜಿ 1568ರದು. 1784ರಲ್ಲಿ ಟಿಪ್ಪುವಿನ ಸೆರೆಗೆ ಸಿಕ್ಕಿ, ಬದುಕುಳಿದು ಮರಳಿದ ಕೊಂಕಣಿ ಕ್ಯಾಥೊಲಿಕರು ನಡುರಾತ್ರಿಯ ಪೂಜೆಯನ್ನೂ ಕುಸ್ವಾರ್ ತಿಂಡಿಗಳನ್ನೂ ಉಳಿಸಿಕೊಂಡಿದ್ದರು. ಪ್ರಾಟೆಸ್ಟೆಂಟರಾದ ಈ ಹೊಸಬರಿಗೆ ಆ ಹಬ್ಬವೂ ಪರರದೇ. ಪರಧರ್ಮದವರ ನಡುವೆ ಪರಕೀಯರಾಗಿರುವುದು ಒಂದು ಕಷ್ಟ. ಒಂದೇ ದೇವರ ಮಕ್ಕಳ ನಡುವೆಯೂ ಹಾಗೆಯೇ ಇರಬೇಕಾಗಿ ಬಂದದ್ದು ಇನ್ನೊಂದು.

ಹಾಡಿನದೂ ಒಂದು ಕಥೆ. ಜರ್ಮನ್ ರಾಗಕ್ಕೆ ಕನ್ನಡ ಮಾತು ಕೂಡಿಸಿ ಹಾಡಿದರೆ ಹ್ರಸ್ವ ಇರಬೇಕಾದಲ್ಲಿ ದೀರ್ಘ ಎಳೆಯಬೇಕು, ಒತ್ತಕ್ಷರ ನಾಲಿಗೆಗೆ ತೊಡರುತ್ತದೆ. ವ್ಯಾಕರಣ ಕಲಿಸುವ ನನ್ನಂಥವಳ ಕಿವಿಗೆ ಅದು ಕೂಡಲೇ ಗೊತ್ತಾಗುತ್ತದೆ. ಕಿಟೆಲರಿಗೆ ಗೊತ್ತಾಗದೆ ಇದ್ದೀತೇ? 1862ರಲ್ಲಿ ಅವರು 'ಕಥಾಮಾಲೆ'ಯನ್ನು ಬರೆದು ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿಗೆ ತಂದರು. ಆದರೂ ಸಭೆಗಳಲ್ಲಿ ಜರ್ಮನ್ ರಾಗಗಳೇ ಗಟ್ಟಿಯಾಗಿ ಉಳಿದವು. ಹುಟ್ಟಿದೂರಿನ ರಾಗವನ್ನು ಹಬ್ಬದ ದಿನವಾದರೂ ಕೇಳಬೇಕು ಎಂಬ ಆಸೆಯನ್ನು ತಪ್ಪೆಂದು ಹೇಗೆ ಹೇಳುವುದು? ಗಂಡನ ಮನೆಯಲ್ಲಿ ನಾವೂ ತವರಿನ ಆರತಿ ಹಾಡನ್ನೇ ಹೇಳುತ್ತೇವೆ.

ಹೆಂಗಸರಾದ ನಾವು ನಿಂತು ನೋಡಬೇಕಾದ ಸಂಗತಿ ಇನ್ನು ಮುಂದಿದೆ.

ಮಿಷನರಿಗಳ ಮಕ್ಕಳು ಇಲ್ಲಿಯೇ ಬೆಳೆಯುವಂತಿರಲಿಲ್ಲ. ಇಲ್ಲಿಯ ಬಿಸಿಲು, ಜ್ವರ, ಶಾಲೆಯ ಕೊರತೆ ಎಲ್ಲ ಕಾರಣಗಳೇ. ಆಳುಕಾಳುಗಳ ಭಾಷೆ ಕಲಿತು ತಮ್ಮ ನಡೆನುಡಿ ಮರೆತಾರು ಎಂಬ ಭಯವೂ ಇತ್ತು. 1853ರಲ್ಲಿ ಬಾಸೆಲಿನಲ್ಲಿ ಮಿಷನ್ನಿನವರೇ ಮಕ್ಕಳ ಮನೆ ತೆರೆದರು. ಆರು ವರ್ಷದ ಆಸುಪಾಸಿನಲ್ಲಿ ಮಗುವನ್ನು ಹಡಗು ಹತ್ತಿಸಿ ಕಳಿಸಬೇಕು. ಹೋದ ಮಗುವನ್ನು ಮತ್ತೆ ನೋಡುವುದು ಹತ್ತು ವರ್ಷಕ್ಕೋ, ಹದಿನೈದು ವರ್ಷಕ್ಕೋ. ಕೆಲವರಿಗೆ ಅದೂ ಇಲ್ಲ. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಈಜಿಪ್ಟಿನ ನೆಲದಾರಿಯಲ್ಲಿ ಹೋಗುವ ಅಂಚೆಗೂ ಒಂದು ತಿಂಗಳಿಗಿಂತ ಹೆಚ್ಚು ಬೇಕಾಗುತ್ತಿತ್ತು. ಕ್ರಿಸ್ಮಸ್ಸಿಗೆ ಮಗುವಿನ ಕೈ ಸೇರಬೇಕಾದ ಕಾಗದವನ್ನು ತಾಯಿ ದೀಪಾವಳಿಯ ಹೊತ್ತಿಗೇ ಬರೆದು ಮುಗಿಸಬೇಕು.

ಜೂಲಿ ಗುಂಡರ್ಟ್ ಎಂಬವರನ್ನು ತೆಗೆದುಕೊಳ್ಳಿ. ಫ್ರೆಂಚ್ ಮಾತಾಡುವ ಸ್ವಿಸ್ ಹೆಣ್ಣುಮಗಳು. 1838ರಲ್ಲಿ ಮಲಯಾಳ ನಿಘಂಟಿನ ಹರ್ಮನ್ ಗುಂಡರ್ಟರನ್ನು ಮದುವೆಯಾಗಿ ತಲಶ್ಶೇರಿಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದರು. 1842ರಲ್ಲಿ ಅಲ್ಲಿಯೇ ಮಗಳು ಮರೀ ಹುಟ್ಟಿದಳು. ಮಕ್ಕಳ ಮನೆ ಇನ್ನೂ ಇಲ್ಲದ ಕಾಲ. ಆ ದಶಕದ ನಡುವೆ ಊರಿಗೆ ಹೋದಾಗ ಪುಟ್ಟ ಮರೀಯನ್ನು ಪರರ ಆಶ್ರಯದಲ್ಲಿ ಬಿಟ್ಟು ತಾಯಿ ತಂದೆ ಮರಳಿದರು. ಮಗಳು ಭಾರತಕ್ಕೆ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ನಡುವೆ ಸುಮಾರು ಹತ್ತು ಕ್ರಿಸ್ಮಸ್ ಹಬ್ಬಗಳು. ಅಷ್ಟೂ ವರ್ಷ ಆ ತಾಯಿಯ ಕಣ್ಣ ಮುಂದೆ ಇದ್ದವರು ಮಲಬಾರಿನ ಹೆಣ್ಣುಮಕ್ಕಳು. ಓದು, ಹೊಲಿಗೆ, ಪ್ರಾರ್ಥನೆ ಕಲಿಸಿದ್ದು ಅವರಿಗೆ. ಹಬ್ಬದ ದೀಪ ಹಚ್ಚಿದ್ದೂ ಅವರ ಎದುರಿನಲ್ಲೇ.

ನನಗೆ ಇದನ್ನು ಮೆಚ್ಚಬೇಕೋ, ಸಿಟ್ಟಾಗಬೇಕೋ ಎಂಬುದು ಇಂದಿಗೂ ಬಗೆಹರಿದಿಲ್ಲ. ದೇವರ ಕೆಲಸ ಎಂದು ಅವರು ನಂಬಿದ್ದರು. ನಂಬಿಕೆ ಗಂಡನದು ಎಷ್ಟೋ, ಹೆಂಡತಿಯದೂ ಅಷ್ಟೇ ಇರಬಹುದು. ಆದರೆ ನಿಯಮ ಮಾಡುತ್ತಿದ್ದ ಬಾಸೆಲಿನ ಸಮಿತಿಯಲ್ಲಿ ಇದ್ದವರು ಗಂಡಸರು. ಯಾವ ಹೆಣ್ಣು ಯಾವ ಮಿಷನರಿಯ ಕೈಹಿಡಿಯಬಹುದು ಎಂಬುದಕ್ಕೂ ಆ ಸಮಿತಿಯ ಒಪ್ಪಿಗೆ ಬೇಕಿತ್ತು. ಮುಖವನ್ನೇ ನೋಡಿರದ ವರನನ್ನು ನಂಬಿ ಹಡಗು ಹತ್ತಿದ ಹುಡುಗಿಯರು ಎಷ್ಟೋ ಮಂದಿ. ನಮ್ಮ ಅಜ್ಜಿಯಂದಿರ ಮದುವೆಯನ್ನು ಕಂಡು ಅಯ್ಯೋ ಎನ್ನುತ್ತಿದ್ದವರ ಪಾಡು ಇದು.

ಇತ್ತ, ದೀಪದ ಎದುರು ಕೂತವರ ಎದೆಯಲ್ಲೂ ಮನೆಯ ನೋವಿತ್ತು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಇನ್ನಿಬ್ಬರು ಗೆಳೆಯರೊಡನೆ 1844ರ ಜನವರಿ 6ರಂದು ದೀಕ್ಷಾಸ್ನಾನ ಪಡೆದ. ಕ್ರಿಸ್ತಶಿಶುವನ್ನು ನೋಡಲು ಮೂಡಣದ ಜ್ಞಾನಿಗಳು ಬಂದ ನೆನಪಿನ ದಿನ ಅದು, ಜರ್ಮನರ ಬಾಯಲ್ಲಿ ಮೂರು ರಾಜರ ಹಬ್ಬ. ಮೂವರು ತರುಣರಿಗೆ ಆ ದಿನ ಒದಗಿದ್ದು ಪಾದ್ರಿಗಳಿಗೆ ಎಷ್ಟು ಹಿತವಾಗಿರಬೇಕು! ಊರಿನಲ್ಲಿ ದೊಡ್ಡ ಗದ್ದಲವೇ ಆಯಿತು. ಬಂಧುಗಳು ದೂರವಾದರು. ಕೈಹಿಡಿದ ಹೆಂಡತಿ ಅವನ ಹಿಂದೆ ಬರಲಿಲ್ಲ. ಅವಳ ಕಡೆಯ ಕಥೆಯನ್ನು ಯಾರೂ ಬರೆದಿಟ್ಟಂತೆ ಕಾಣೆ. ಮೋಗ್ಲಿಂಗರು ಕೌಂಡಿನ್ಯರನ್ನು ಬಾಸೆಲಿಗೆ ಕಳಿಸಿ ಓದಿಸಿದರು. 1846ರಿಂದ 1851ರವರೆಗೆ, ಎಳನೀರಿನ ನಾಡಿನ ಈ ಮನುಷ್ಯ ಹಿಮದ ನಡುವೆ ಕ್ರಿಸ್ಮಸ್ ಕಂಡರು. ಪರನಾಡಿನ ಹಬ್ಬ ಎಂದರೇನು ಎಂಬುದನ್ನು ಎರಡೂ ದಡದಲ್ಲಿ ನಿಂತು ಬಲ್ಲವರು ಅವರೊಬ್ಬರೇ ಏನೋ. 1860ರಲ್ಲಿ ಅವರನ್ನು ಮದುವೆಯಾಗಲು ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಯುವತಿ ಇಲ್ಲಿಗೆ ಬಂದರು. ಕರಿಯನನ್ನು ಬಿಳಿಯ ಹೆಣ್ಣು ವರಿಸುವುದೆಂದರೆ ಆ ಕಾಲಕ್ಕೆ ಸಾಮಾನ್ಯ ಮಾತಲ್ಲ.

ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ಈಗ ಡಿಸೆಂಬರಿನಲ್ಲಿ ಮನೆಮನೆಯ ಜಗಲಿಯಲ್ಲಿ ತೂಗುವ ಕಾಗದದ ನಕ್ಷತ್ರ ಇದೆಯಲ್ಲ, ಅದರ ಜರ್ಮನ್ ಸೋದರನೊಬ್ಬ ಹೆರ್ನ್‌ಹೂಟ್ ನಕ್ಷತ್ರ ಎಂದು ಹೆಸರುವಾಸಿ. ಅದನ್ನು ಮೊದಲು ಕತ್ತರಿಸಿ ಅಂಟಿಸುತ್ತಿದ್ದದ್ದು ಮೊರೇವಿಯನ್ ಎಂಬ ಇನ್ನೊಂದು ಪಂಥದ ವಸತಿಶಾಲೆಗಳಲ್ಲಿ. ಆ ಶಾಲೆಗಳಲ್ಲಿದ್ದವರಲ್ಲಿ ಮಿಷನರಿಗಳ ಮಕ್ಕಳೂ ಇದ್ದರು, ಅಪ್ಪ ಅಮ್ಮ ಕಡಲಾಚೆ ಇದ್ದವರು. ಅದು ತಿಳಿದ ಮೇಲೆ ನನಗೆ ಆ ನಕ್ಷತ್ರ ಮೊದಲಿನ ಹಾಗೆ ಕಾಣುವುದಿಲ್ಲ.

1914ರಲ್ಲಿ ಮಹಾಯುದ್ಧ ಬಂತು. ಜರ್ಮನ್ ಮಿಷನರಿಗಳು ಶತ್ರುಗಳಾದರು. ಅಹಮದ್‌ನಗರದ ಶಿಬಿರದಲ್ಲಿಟ್ಟು ಆಮೇಲೆ ಊರಿಗೆ ಕಳಿಸಿದರು. ಹಬ್ಬ ಇಲ್ಲಿಯವರ ಕೈಗೇ ಬಂತು.

ತಲಶ್ಶೇರಿಯಲ್ಲಿ ಹುಟ್ಟಿದ ಮರೀಯ ಮಾತು ಅರ್ಧಕ್ಕೆ ಬಿಟ್ಟಿದ್ದೆ. ಆಕೆಯ ಮೊದಲ ಗಂಡ ಇಸೆನ್‌ಬರ್ಗ್ 1870ರಲ್ಲಿ ತೀರಿಕೊಂಡರು. ಎರಡು ಗಂಡುಮಕ್ಕಳೊಡನೆ ಉಳಿದ ಆಕೆ 1874ರಲ್ಲಿ ಯೊಹಾನೆಸ್ ಹೆಸ್ಸೆಯವರನ್ನು ಮದುವೆಯಾದರು. ಅವರೂ ಕೆಲವು ವರ್ಷ ಮಂಗಳೂರಿನಲ್ಲಿ ಇದ್ದು ಆರೋಗ್ಯ ಕೆಟ್ಟು ಮರಳಿದವರೇ. 1877ರಲ್ಲಿ ಹುಟ್ಟಿದ ಅವರ ಮಗನೇ 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆ. ತಾಯಿ 1902ರಲ್ಲಿ ತೀರಿಕೊಂಡರು. 1911ರಲ್ಲಿ ಮಗ ಭಾರತ ನೋಡಬೇಕೆಂದು ಹಡಗು ಹತ್ತಿದ. ಸಿಂಹಳ, ಸುಮಾತ್ರಾ, ಸಿಂಗಾಪುರ ಸುತ್ತಿದ. ತಾಯಿ ಹುಟ್ಟಿದ ತಲಶ್ಶೇರಿಯನ್ನಾಗಲಿ, ತಂದೆ ಇದ್ದ ಮಂಗಳೂರನ್ನಾಗಲಿ ನೋಡಲಿಲ್ಲ. ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಮುಂಚೆಯೇ ಮನೆ ಸೇರಿಕೊಂಡ.