ಕಂಪ್ಯೂಟರ್ ಕಾನ್ಫರೆನ್ಸಿಂಗ್ ತಂತ್ರಾಂಶ

ಒಂದೇ ಗಣಕಯಂತ್ರವನ್ನು ಹಂಚಿಕೊಂಡು ಬಳಸುವ ಅನೇಕ ಜನರು ಬರಹದ ಮೂಲಕ ಪರಸ್ಪರ ಚರ್ಚಿಸಲು ಅನುವು ಮಾಡಿಕೊಡುವ ತಂತ್ರಾಂಶವನ್ನು ಕಂಪ್ಯೂಟರ್ ಕಾನ್ಫರೆನ್ಸಿಂಗ್ ತಂತ್ರಾಂಶ ಅಥವಾ ಸಮೂಹ ಚರ್ಚಾ ತಂತ್ರಾಂಶ ಎಂದು ಕರೆಯುತ್ತಾರೆ. ಇದರಲ್ಲಿ ಭಾಗವಹಿಸುವವರೆಲ್ಲರೂ ಒಂದೇ ಹೊತ್ತಿನಲ್ಲಿ ಹಾಜರಿರಬೇಕಾಗಿಲ್ಲ. ಒಬ್ಬರು ಬೆಳಿಗ್ಗೆ ಬರೆದುದನ್ನು ಮತ್ತೊಬ್ಬರು ರಾತ್ರಿ ಓದಿ ಉತ್ತರಿಸಬಹುದು. 1970 ಮತ್ತು 1980ರ ದಶಕಗಳಲ್ಲಿ, ಅನೇಕ ಟರ್ಮಿನಲ್‌ಗಳನ್ನು ಜೋಡಿಸಿದ ದೊಡ್ಡ ಯಂತ್ರಗಳಲ್ಲಿ ಇವು ಪ್ರಚಾರಕ್ಕೆ ಬಂದವು. ಇಂತಹ ಯಂತ್ರಕ್ಕೆ ಯಾವ ತಂತ್ರಾಂಶವನ್ನು ಆರಿಸಬೇಕೆಂಬುದು ಮೇಲ್ನೋಟಕ್ಕೆ ತಾಂತ್ರಿಕ ಪ್ರಶ್ನೆ. ಆದರೆ ಉತ್ತರಗಳು ಯಾವ ಕ್ರಮದಲ್ಲಿ ಕಾಣಬೇಕು, ಬರೆದುದನ್ನು ಯಾರು ಅಳಿಸಬಹುದು, ಚರ್ಚೆಯನ್ನು ಯಾರು ನಿಲ್ಲಿಸಬಹುದು ಎಂಬ ನಿಯಮಗಳು ತಂತ್ರಾಂಶದಲ್ಲೇ ಅಡಕವಾಗಿರುವುದರಿಂದ, ಈ ಆಯ್ಕೆಯು ಸಮುದಾಯದ ನಡವಳಿಕೆಯನ್ನೂ ರೂಪಿಸುತ್ತಿತ್ತು.

ಹಿನ್ನೆಲೆ

ಅಮೆರಿಕದ ಸರ್ಕಾರಿ ಇಲಾಖೆಯೊಂದಕ್ಕಾಗಿ ಮರ್ರೆ ಟ್ಯುರಾಫ್ ಅವರು 1971ರಲ್ಲಿ ರೂಪಿಸಿದ ಎಮಿಸಾರಿ ಎಂಬ ವ್ಯವಸ್ಥೆಯನ್ನು ಈ ಬಗೆಯ ತಂತ್ರಾಂಶಗಳ ಆರಂಭವೆಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಸಾಮಾನ್ಯ ಬಳಕೆದಾರರ ದೃಷ್ಟಿಯಿಂದ ಹೆಚ್ಚು ಮುಖ್ಯವಾದುದು ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೊ ವ್ಯವಸ್ಥೆ. ಅಲ್ಲಿ ದೋಷಗಳನ್ನು ವರದಿ ಮಾಡಲು ಎಲ್ಲರಿಗೂ ತೆರೆದಿದ್ದ ಒಂದು ಕಡತವಿತ್ತು. ಯಾರು ಬೇಕಾದರೂ ಅದರಲ್ಲಿ ಬರೆಯಬಹುದಾಗಿತ್ತು, ಇನ್ನೊಬ್ಬರ ಸಾಲುಗಳನ್ನು ತಿದ್ದಬಹುದಾಗಿತ್ತು, ಅಳಿಸಲೂಬಹುದಾಗಿತ್ತು. ಯಾವ ಸಾಲನ್ನು ಯಾರು ಬರೆದರೆಂದು ತಿಳಿಯುವ ಉಪಾಯವಿರಲಿಲ್ಲ. ಇದಕ್ಕೆ ಪರಿಹಾರವಾಗಿ ಡೇವಿಡ್ ವುಲ್ಲಿ ಅವರು 1973ರಲ್ಲಿ ಪ್ಲೇಟೊ ನೋಟ್ಸ್ ಎಂಬ ಪ್ರೋಗ್ರಾಮನ್ನು ಬರೆದರು. ಪ್ರತಿಯೊಂದು ಟಿಪ್ಪಣಿಗೂ ಬರೆದವರ ಗುರುತು ಮತ್ತು ದಿನಾಂಕವನ್ನು ಯಂತ್ರವೇ ಹಾಕುತ್ತಿತ್ತು. ಒಂದು ಟಿಪ್ಪಣಿಗೆ ಗರಿಷ್ಠ 63 ಉತ್ತರಗಳಿಗೆ ಅವಕಾಶವಿತ್ತು.

1975ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಮೇನ್‌ಫ್ರೇಮ್‌ಗಾಗಿ ರಾಬರ್ಟ್ ಪಾರ್ನ್ಸ್ ಅವರು ಕಾನ್ಫರ್ ಎಂಬ ತಂತ್ರಾಂಶವನ್ನು ರಚಿಸಿದರು. ನ್ಯೂಜೆರ್ಸಿಯ ಈಐಇಎಸ್, ಸ್ಟಾಕ್‌ಹೋಮ್‌ನ ಕೋಮ್, ಕೆನಡಾದ ಗೆಲ್ಫ್ ವಿಶ್ವವಿದ್ಯಾಲಯದ ಕೋಸಿ ಮುಂತಾದವು ಈ ಸಾಲಿಗೆ ಸೇರುತ್ತವೆ. ಇವುಗಳಲ್ಲಿ ಕೋಸಿಯನ್ನು ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯವು 1988ರಲ್ಲಿ ತನ್ನ ದೂರಶಿಕ್ಷಣದ ವಿದ್ಯಾರ್ಥಿಗಳ ಚರ್ಚೆಗೆ ಬಳಸಿತು.

ಆಯ್ಕೆಯಲ್ಲಿ ಗಮನಿಸುತ್ತಿದ್ದ ಅಂಶಗಳು

ಇಮೇಲ್‌ನಲ್ಲಿ ಒಂದು ಪತ್ರವನ್ನು ನೂರು ಜನರಿಗೆ ಕಳುಹಿಸಿದರೆ ಸಾಮಾನ್ಯವಾಗಿ ನೂರು ಪ್ರತಿಗಳು ಡಿಸ್ಕಿನಲ್ಲಿ ಉಳಿಯುತ್ತವೆ. ಚರ್ಚಾ ತಂತ್ರಾಂಶದಲ್ಲಿ ಬರಹದ ಒಂದೇ ಪ್ರತಿಯಿದ್ದು, ಯಾರು ಎಲ್ಲಿಯವರೆಗೆ ಓದಿದ್ದಾರೆಂಬ ಲೆಕ್ಕವನ್ನು ಮಾತ್ರ ಪ್ರತ್ಯೇಕವಾಗಿ ಇಡಲಾಗುತ್ತದೆ. ಡಿಸ್ಕ್ ದುಬಾರಿಯಾಗಿದ್ದ ಕಾಲದಲ್ಲಿ ಇದು ದೊಡ್ಡ ಉಳಿತಾಯವಾಗಿತ್ತು. ಮೋಡೆಮ್ ಮೂಲಕ ಸಂಪರ್ಕಿಸುವವರು ದೂರವಾಣಿ ಕರೆಗೂ ಬಳಕೆಯ ಸಮಯಕ್ಕೂ ಹಣ ಕೊಡಬೇಕಾಗಿದ್ದುದರಿಂದ, ಹಿಂದಿನ ಭೇಟಿಯ ನಂತರ ಬಂದ ಹೊಸ ಬರಹಗಳನ್ನಷ್ಟೇ ತೋರಿಸುವ ಸೌಲಭ್ಯವೂ ಅತ್ಯಗತ್ಯವಾಗಿತ್ತು.

ಹೆಚ್ಚು ವಾದಕ್ಕೆ ಕಾರಣವಾದುದು ಚರ್ಚೆಯ ರಚನೆ. ಕಾನ್ಫರ್ ಮತ್ತು ಅದರ ವಂಶದ ತಂತ್ರಾಂಶಗಳಲ್ಲಿ ಉತ್ತರಗಳು ಬಂದ ಕ್ರಮದಲ್ಲೇ ಒಂದರ ಕೆಳಗೊಂದು ಸೇರುತ್ತಿದ್ದವು. ಇದು ರೇಖಾತ್ಮಕ ರಚನೆ. ಯಾವ ಉತ್ತರಕ್ಕಾದರೂ ಪ್ರತ್ಯೇಕ ಉತ್ತರ ಕೊಟ್ಟು ಚರ್ಚೆಯನ್ನು ಕವಲೊಡೆಸಬಹುದಾದುದು ವೃಕ್ಷ ರಚನೆ. ಪ್ರಶ್ನೋತ್ತರ ಮತ್ತು ತಾಂತ್ರಿಕ ನೆರವಿಗೆ ವೃಕ್ಷ ರಚನೆ ಅನುಕೂಲಕರ, ಏಕೆಂದರೆ ಬೇಡವಾದ ಕವಲನ್ನು ಬಿಟ್ಟು ಮುಂದೆ ಹೋಗಬಹುದು. ರೇಖಾತ್ಮಕ ರಚನೆಯಲ್ಲಿ ಆ ಸ್ವಾತಂತ್ರ್ಯವಿಲ್ಲ. ವಿಷಯಾಂತರವಾದರೆ ಎಲ್ಲರೂ ಅದನ್ನು ದಾಟಿಯೇ ಹೋಗಬೇಕು. ಆದರೆ ಪ್ರತಿಯೊಬ್ಬರೂ ಒಂದೇ ಮಾತುಕತೆಯನ್ನು ಒಂದೇ ಕ್ರಮದಲ್ಲಿ ಓದಿರುತ್ತಾರೆ. ಬಹುಕಾಲ ಒಡನಾಡುವ, ಒಬ್ಬರನ್ನೊಬ್ಬರು ಬಲ್ಲ ಗುಂಪಿಗೆ ಇದೇ ಹೆಚ್ಚು ಹೊಂದುತ್ತದೆ.

ಪಿಕೋಸ್ಪ್ಯಾನ್ ಮತ್ತು ವೆಲ್

ಯುನಿಕ್ಸ್ ವ್ಯವಸ್ಥೆಗಾಗಿ ಕಾನ್ಫರ್‌ನ ಮಾದರಿಯಲ್ಲಿ ಮಾರ್ಕಸ್ ವಾಟ್ಸ್ ಅವರು 1980ರ ದಶಕದ ಆರಂಭದಲ್ಲಿ ಬರೆದ ತಂತ್ರಾಂಶವೇ ಪಿಕೋಸ್ಪ್ಯಾನ್. ಇದು ಮಿಶಿಗನ್ ರಾಜ್ಯದ ಆನ್ ಆರ್ಬರ್ ನಗರದ ಎಂ-ನೆಟ್ ಎಂಬ ಸಾರ್ವಜನಿಕ ಯಂತ್ರದಲ್ಲಿ ಬಳಕೆಯಲ್ಲಿತ್ತು. ಚರ್ಚೆಗಳನ್ನು ಕಾನ್ಫರೆನ್ಸ್‌ಗಳಾಗಿಯೂ, ಪ್ರತಿ ಕಾನ್ಫರೆನ್ಸನ್ನು ಸಂಖ್ಯೆ ಹೊತ್ತ ಐಟಂಗಳಾಗಿಯೂ ವಿಂಗಡಿಸಲಾಗುತ್ತಿತ್ತು. ಪ್ರತಿ ಐಟಂ ಡಿಸ್ಕಿನಲ್ಲಿ ಒಂದು ಸರಳ ಪಠ್ಯ ಕಡತವಾಗಿರುತ್ತಿತ್ತು. ಐಟಂ ಒಂದನ್ನು ಓದಿ ಮುಗಿಸಿದೊಡನೆ, ಉತ್ತರಿಸುವಿರೋ ಅಥವಾ ಮುಂದಕ್ಕೆ ಹೋಗುವಿರೋ ಎಂದು ಯಂತ್ರವು ಕೇಳುತ್ತಿತ್ತು. ಸುಮ್ಮನೆ ಓದಿ ಹೋಗುವವರನ್ನೂ ಪ್ರತಿ ಸಲ ಮಾತಿಗೆ ಎಳೆಯುವ ಈ ಪುಟ್ಟ ಪ್ರಶ್ನೆಯ ಪರಿಣಾಮ ಕಡಿಮೆಯದಲ್ಲ. ಕಾನ್ಫರೆನ್ಸಿನ ನಿರ್ವಾಹಕರಿಗೆ ಫೇರ್ ವಿಟ್‌ನೆಸ್, ಅಂದರೆ ನಿಷ್ಪಕ್ಷಪಾತ ಸಾಕ್ಷಿ, ಎಂಬ ಹೆಸರಿತ್ತು. ಈ ಹೆಸರು ರಾಬರ್ಟ್ ಹೈನ್‌ಲೈನ್ ಅವರ ವೈಜ್ಞಾನಿಕ ಕಾದಂಬರಿಯೊಂದರಿಂದ ಬಂದುದು.

1985ರಲ್ಲಿ ಕ್ಯಾಲಿಫೋರ್ನಿಯಾದ ಸಾಸಲಿಟೊದಲ್ಲಿ ಸ್ಟೀವರ್ಟ್ ಬ್ರ್ಯಾಂಡ್ ಮತ್ತು ಲ್ಯಾರಿ ಬ್ರಿಲಿಯಂಟ್ ಅವರು ವೆಲ್ ಎಂಬ ಸೇವೆಯನ್ನು ಆರಂಭಿಸಿದರು. ಬ್ರಿಲಿಯಂಟ್ ಅವರು ಅದಕ್ಕೂ ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ವೈದ್ಯರಾಗಿ ಭಾರತದಲ್ಲಿ ಸಿಡುಬು ನಿರ್ಮೂಲನ ಕಾರ್ಯದಲ್ಲಿ ತೊಡಗಿದ್ದವರು. ವ್ಯಾಕ್ಸ್ ಗಣಕಯಂತ್ರವನ್ನೂ ಪಿಕೋಸ್ಪ್ಯಾನ್ ತಂತ್ರಾಂಶವನ್ನೂ ಅವರ ಕಂಪನಿಯೇ ಒದಗಿಸಿತು. ಹೀಗಾಗಿ ವೆಲ್‌ನ ಮಟ್ಟಿಗೆ ತಂತ್ರಾಂಶವು ತುಲನೆ ಮಾಡಿ ಆರಿಸಿದುದಲ್ಲ, ಯಂತ್ರದ ಜೊತೆಗೆ ಬಂದುದು. ಅದರ ಆದೇಶಗಳು ಹೊಸಬರಿಗೆ ಕಠಿಣವೆನಿಸುತ್ತಿದ್ದವು. ಆದರೂ ಯುನಿಕ್ಸ್ ಬಲ್ಲ ಸದಸ್ಯರು ತಾವೇ ಸಣ್ಣ ಉಪಕರಣಗಳನ್ನು ಬರೆದು ಸೇರಿಸಲು ಸಾಧ್ಯವಾದುದು ಅದರ ದೊಡ್ಡ ಅನುಕೂಲವಾಯಿತು. ತಮಗೆ ಬೇಡದ ವ್ಯಕ್ತಿಯ ಬರಹಗಳು ತಮ್ಮ ಪರದೆಯಲ್ಲಿ ಕಾಣದಂತೆ ಮಾಡುವ ಸೋಸುಕವು ಹೀಗೆ ಸದಸ್ಯರಿಂದಲೇ ಹುಟ್ಟಿದ್ದು.

ಅಳಿಸುವ ಹಕ್ಕು

ಪಿಕೋಸ್ಪ್ಯಾನ್‌ನಲ್ಲಿ ಒಮ್ಮೆ ಸೇರಿಸಿದ ಉತ್ತರವನ್ನು ತಿದ್ದಲಾಗುತ್ತಿರಲಿಲ್ಲ. ಬರೆದವರು ಅದನ್ನು ಮರೆಮಾಡಬಹುದಾಗಿತ್ತು. ಬಯಸಿದವರು ಆಗಲೂ ತೆರೆದು ಓದಬಹುದಾಗಿತ್ತು. ಸ್ಕ್ರಿಬಲ್ ಎಂಬ ಇನ್ನೊಂದು ಆದೇಶವು ಬರಹವನ್ನು ಪೂರ್ತಿ ಅಳಿಸುತ್ತಿತ್ತಾದರೂ, ಉತ್ತರದ ಸಂಖ್ಯೆ ಮತ್ತು ಬರೆದವರ ಹೆಸರು ಅಲ್ಲೇ ಉಳಿಯುತ್ತಿದ್ದವು. ಮಾತು ಹೋದರೂ ಮಾತನಾಡಿದ ಗುರುತು ಹೋಗುತ್ತಿರಲಿಲ್ಲ.

ಬರಹದ ಒಡೆತನ ಮತ್ತು ಹೊಣೆ ಎರಡೂ ಬರೆದವರದ್ದೇ ಎಂಬುದು ವೆಲ್‌ನ ಮೂಲ ನಿಯಮವಾಗಿತ್ತು. 1990ರಲ್ಲಿ ಒಬ್ಬ ಸಕ್ರಿಯ ಸದಸ್ಯರು, ಮತ್ತೊಬ್ಬ ಸದಸ್ಯರು ರಚಿಸಿದ್ದ ಉಪಕರಣವೊಂದನ್ನು ಬಳಸಿ, ವರ್ಷಗಳಿಂದ ತಾವು ಬರೆದುದನ್ನೆಲ್ಲ ಒಮ್ಮೆಲೇ ಅಳಿಸಿಹಾಕಿದರು. ನೂರಾರು ಚರ್ಚೆಗಳಲ್ಲಿ ಉಳಿದವರ ಉತ್ತರಗಳು ಪ್ರಶ್ನೆಯಿಲ್ಲದ ಉತ್ತರಗಳಾದವು. ಕೆಲವು ವಾರಗಳಲ್ಲಿ ಆ ಸದಸ್ಯರು ಆತ್ಮಹತ್ಯೆ ಮಾಡಿಕೊಂಡರು. ಹೊವರ್ಡ್ ರೈನ್‌ಗೋಲ್ಡ್ ಅವರು 1993ರ ತಮ್ಮ ‘ದ ವರ್ಚುವಲ್ ಕಮ್ಯುನಿಟಿ’ ಗ್ರಂಥದಲ್ಲಿ ಈ ಘಟನೆಯನ್ನು ವಿವರಿಸಿದ್ದಾರೆ. ಒಬ್ಬರ ಬರಹ ಅವರ ಸ್ವತ್ತೇ ಆದರೂ, ಅದರ ಸುತ್ತ ಬೆಳೆದ ಮಾತುಕತೆಯು ಯಾರ ಸ್ವತ್ತು ಎಂಬ ಪ್ರಶ್ನೆಗೆ ಯಾವ ತಂತ್ರಾಂಶವೂ ಎಲ್ಲರೂ ಒಪ್ಪುವ ಉತ್ತರ ನೀಡಿಲ್ಲ.

ಒಂದೇ ಯಂತ್ರ, ಅನೇಕ ಯಂತ್ರಗಳು

ಇದಕ್ಕೆ ಪರ್ಯಾಯವಾಗಿದ್ದುದು ಯೂಸ್‌ನೆಟ್. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಅವರು ರೂಪಿಸಿದ ಈ ವ್ಯವಸ್ಥೆಯಲ್ಲಿ ಬರಹಗಳು ಯಂತ್ರದಿಂದ ಯಂತ್ರಕ್ಕೆ ನಕಲಾಗುತ್ತಾ ಹೋಗುತ್ತಿದ್ದವು. ಅವುಗಳಿಗೆ ಒಬ್ಬ ಒಡೆಯನಾಗಲಿ ಒಬ್ಬ ನಿರ್ವಾಹಕನಾಗಲಿ ಇರಲಿಲ್ಲ, ಮತ್ತು ಹಳೆಯ ಬರಹಗಳನ್ನು ಆಯಾ ಯಂತ್ರವು ನಿಗದಿತ ದಿನಗಳ ನಂತರ ತೆಗೆದುಹಾಕುತ್ತಿತ್ತು. ಚದುರಿದ ಜನರಿಗೆ ಇದು ಒದಗಿಬಂದಿತು. ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ ಎಂಬ ಸುದ್ದಿಗುಂಪಿನಲ್ಲಿ ಹೊರನಾಡ ಕನ್ನಡಿಗರೂ ಭಾಗವಹಿಸುತ್ತಿದ್ದರು. ಆಗಿನ ಟರ್ಮಿನಲ್‌ಗಳು ಸಾಮಾನ್ಯವಾಗಿ ಆಸ್ಕಿ ಅಕ್ಷರಗಳನ್ನಷ್ಟೇ ತೋರಿಸುತ್ತಿದ್ದುದರಿಂದ ಅಲ್ಲಿ ಕನ್ನಡವನ್ನು ರೋಮನ್ ಲಿಪಿಯಲ್ಲಿ ಬರೆಯಬೇಕಾಗಿತ್ತು.

ಪಿಕೋಸ್ಪ್ಯಾನ್‌ನ ಮೂಲ ಸಂಕೇತವು ಮುಕ್ತವಾಗಿರಲಿಲ್ಲ. ಆದುದರಿಂದ ಅದೇ ಬಗೆಯ ಯಾಪ್, ಬ್ಯಾಕ್‌ಟಾಕ್ ಮುಂತಾದ ತಂತ್ರಾಂಶಗಳನ್ನು 1990ರ ದಶಕದಲ್ಲಿ ಇತರರು ಬರೆದರು. ಆನ್ ಆರ್ಬರ್‌ನಲ್ಲಿ 1991ರಲ್ಲಿ ಸಹಕಾರಿ ತತ್ತ್ವದ ಮೇಲೆ ಆರಂಭವಾದ ಗ್ರೆಕ್ಸ್ ಎಂಬ ವ್ಯವಸ್ಥೆಯಲ್ಲಿ ಬ್ಯಾಕ್‌ಟಾಕ್ ಹಳೆಯ ಐಟಂ ಕಡತಗಳನ್ನೇ ಓದುತ್ತಿತ್ತು. ಟರ್ಮಿನಲ್‌ನಲ್ಲಿದ್ದವರೂ ಬ್ರೌಸರ್ ತೆರೆದವರೂ ಅಲ್ಲಿ ಒಂದೇ ಚರ್ಚೆಯಲ್ಲಿ ಭಾಗವಹಿಸಲು ಇದರಿಂದ ಸಾಧ್ಯವಾಯಿತು.