ದೊಡ್ಡ ಬೈಕಿನ ಎಳೆತವನ್ನು ಬೆಲ್ಟ್ ತಡೆಯುತ್ತದೆಯೇ? ಚೈನ್ ಮತ್ತು ಬೆಲ್ಟ್ ಬಗ್ಗೆ ನಂಬಿಕೆ ಎಷ್ಟು, ನಿಜ ಎಷ್ಟು?

ಹಿಟ್ಟಿನ ಗಿರಣಿಯ ಬೆಲ್ಟ್ ಜಾರುವುದನ್ನು ನೋಡಿದವರಿಗೆ, ಸ್ಕೂಟರಿನ ಬೆಲ್ಟ್ ಹರಿದು ದಾರಿಯಲ್ಲಿ ನಿಂತವರಿಗೆ ಒಂದು ಅನುಮಾನ ಸಹಜ: ಸಾವಿರ ಸಿಸಿ ಮೀರಿದ ಬೈಕಿನ ಹಿಂದಿನ ಚಕ್ರವನ್ನು ರಬ್ಬರ್ ಬೆಲ್ಟ್ ತಿರುಗಿಸಬಲ್ಲದೇ?

ಚುಟುಕು ಉತ್ತರ: ತಿರುಗಿಸಬಲ್ಲದು. ಆದರೆ ಎಲ್ಲ ರಸ್ತೆಗೂ ಅದೇ ಸರಿಯಾದ ಆಯ್ಕೆಯಲ್ಲ.

ನಂಬಿಕೆ 1: ಬೆಲ್ಟ್ ಅಂದರೆ ಜಾರುತ್ತದೆ

ಗಿರಣಿಯ ಚಪ್ಪಟೆ ಬೆಲ್ಟ್ ಮತ್ತು ಗೇರಿಲ್ಲದ ಪೆಟ್ರೋಲ್ ಸ್ಕೂಟರಿನ ಬೆಲ್ಟ್ ಕೆಲಸ ಮಾಡುವುದು ಘರ್ಷಣೆಯಿಂದ. ಬೈಕಿನ ಬೆಲ್ಟ್ ಬೇರೆಯೇ ಜಾತಿ. ಅದರ ಒಳಮೈಗೆ ಹಲ್ಲುಗಳಿರುತ್ತವೆ, ಅವು ಪುಲ್ಲಿಯ ಹಲ್ಲುಗಳಿಗೆ ಕಚ್ಚಿಕೊಳ್ಳುತ್ತವೆ. ಎಳೆತವನ್ನು ಹೊರುವುದು ರಬ್ಬರ್ ಅಲ್ಲ, ಒಳಗೆ ಹೆಣೆದ ಕೆವ್ಲಾರ್‌ನಂಥ ಅರಾಮಿಡ್ ಅಥವಾ ಕಾರ್ಬನ್ ನಾರು. ಹಾರ್ಲೆ-ಡೇವಿಡ್‌ಸನ್ 1980ರಲ್ಲಿ ಸ್ಟರ್ಜಿಸ್ ಮಾದರಿಗೆ ಇಂಥ ಬೆಲ್ಟ್ ಹಾಕಿತು. ಇಂದು ಅದರ 1,700 ಸಿಸಿ ಮೀರಿದ ಬೈಕುಗಳೂ ಬೆಲ್ಟಿನಲ್ಲೇ ಓಡುತ್ತವೆ. ನಮ್ಮಲ್ಲಿ ಏಥರ್ 450 ಎಲೆಕ್ಟ್ರಿಕ್ ಸ್ಕೂಟರಿನಲ್ಲೂ ಹಲ್ಲಿನ ಬೆಲ್ಟೇ ಇದೆ.

ನಂಬಿಕೆ 2: ಬೆಲ್ಟ್ ಅಷ್ಟು ಒಳ್ಳೆಯದಾದರೆ ಎಲ್ಲ ದೊಡ್ಡ ಬೈಕಿಗೂ ಇರಬೇಕಿತ್ತು

ಒಂದು ಲೆಕ್ಕ ನೋಡಿ. ಎಂಜಿನ್ನಿನ 100 ನ್ಯೂಟನ್ ಮೀಟರ್ ಟಾರ್ಕ್ ಮೊದಲ ಗೇರಿನಲ್ಲಿ ನಾಲ್ಕೂವರೆ ಪಟ್ಟಾಗಿ ಮುಂದಿನ ಸ್ಪ್ರಾಕೆಟ್‌ಗೆ ಬಂತು ಎನ್ನಿ. ಅದರ ತ್ರಿಜ್ಯ 4 ಸೆಂ.ಮೀ. ಇದ್ದರೆ ಚೈನಿನ ಮೇಲೆ ಬೀಳುವ ಎಳೆತ ಸುಮಾರು 1,100 ಕಿಲೋ ತೂಕದಷ್ಟು! ತ್ರಿಜ್ಯವನ್ನು 7 ಸೆಂ.ಮೀ. ಮಾಡಿದರೆ ಅದು ಸುಮಾರು 650 ಕಿಲೋಗೆ ಇಳಿಯುತ್ತದೆ. ಬೆಲ್ಟ್ ಬೈಕಿನ ಪುಲ್ಲಿಗಳು ದೊಡ್ಡದಾಗಿ, ಅಗಲವಾಗಿ ಇರುವುದು ಇದಕ್ಕೇ. ಅಷ್ಟು ಜಾಗ ರೇಸ್ ಬೈಕಿನಲ್ಲಿಲ್ಲ. ಜೊತೆಗೆ ಅಲ್ಲಿ ಟ್ರ್ಯಾಕಿಗೆ ತಕ್ಕಂತೆ ಸ್ಪ್ರಾಕೆಟ್ ಬದಲಿಸಬೇಕು. ಅದು ಚೈನಿನಲ್ಲಿ ಸುಲಭ.

ಇನ್ನೊಂದು ಕಾರಣ ಸಸ್ಪೆನ್ಷನ್. ಹಿಂದಿನ ಚಕ್ರ ಹೆಚ್ಚು ಮೇಲೆ ಕೆಳಗೆ ಆಡಿದರೆ ಬಿಗಿತ ಬದಲಾಗುತ್ತದೆ. ಚೈನಿಗೆ ಸಡಿಲ ಕೊಡಬಹುದು, ಬೆಲ್ಟಿಗೆ ಕೊಡಲಾಗದು. ಬಿಎಂಡಬ್ಲ್ಯು ತನ್ನ ರಸ್ತೆ ಬೈಕ್ ಎಫ್ 800 ಎಸ್‌ಗೆ ಬೆಲ್ಟ್ ಹಾಕಿ, ಅದೇ ಎಂಜಿನ್ ಕುಟುಂಬದ ಕಚ್ಚಾರಸ್ತೆಯ ಎಫ್ 800 ಜಿಎಸ್‌ಗೆ ಚೈನ್ ಹಾಕಿತು. ಹಾರ್ಲೆಯ ಪ್ಯಾನ್ ಅಮೆರಿಕಕ್ಕೂ ಚೈನೇ.

ನಂಬಿಕೆ 3: ಬೆಲ್ಟಿಗೆ ಏನೂ ಮಾಡಬೇಕಿಲ್ಲ

ಎಣ್ಣೆ ಬೇಡ, ಸದ್ದು ಕಡಿಮೆ, ಬಾಳಿಕೆ ಹೆಚ್ಚು, ಇವೆಲ್ಲ ನಿಜ. ಆದರೆ ಬೆಲ್ಟಿಗೂ ಪುಲ್ಲಿಗೂ ನಡುವೆ ಸಿಕ್ಕಿದ ಒಂದು ಕಲ್ಲು ಅದನ್ನು ತೂತು ಮಾಡಿಬಿಡಬಹುದು. ಬಿರುಕು, ಮುರಿದ ಹಲ್ಲು, ಬಿಗಿತ ನೋಡುತ್ತಲೇ ಇರಬೇಕು. ಹರಿದರೆ ಚೈನಿನಂತೆ ದಾರಿಯಲ್ಲಿ ಕೊಂಡಿ ಹಾಕಿ ಜೋಡಿಸಲು ಆಗುವುದಿಲ್ಲ. ಹಲವು ಬೈಕುಗಳಲ್ಲಿ ಹೊಸದನ್ನು ಕೂರಿಸಲು ಸ್ವಿಂಗ್ ಆರ್ಮ್ ಬಿಚ್ಚಬೇಕು.

ನಮ್ಮ ರಸ್ತೆಗೆ ಯಾವುದು?

ಶಿಗ್ಗಾಂವಿ ತಾಲೂಕನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಂಥ ಡಾಂಬರು ದಾರಿಯಲ್ಲಿ ದಿನವೂ ದೂರ ಓಡುವವರಿಗೆ ಬೆಲ್ಟ್ ನೆಮ್ಮದಿ. ಸವಣೂರು ಕಡೆಯ ಎರೆಮಣ್ಣಿನ ರಾಡಿ, ಹಿರೇಕೆರೂರಿನ ಗೋವಿನಜೋಳದ ಹೊಲಗಳ ಕಲ್ಲುದಾರಿ, ಹಾನಗಲ್ಲಿನ ಮಳೆಗಾಲದ ಕೆಸರು, ಇಲ್ಲೆಲ್ಲ ಚೈನೇ ಮೇಲು. ಊರಿನ ಮೆಕ್ಯಾನಿಕ್ ಕೈಯಲ್ಲೇ ದುರಸ್ತಿಯಾಗುತ್ತದೆ ಎಂಬುದು ಸಣ್ಣ ಅನುಕೂಲವಲ್ಲ.

ಆದರೆ ಚೈನ್ ಆರೈಕೆ ಬೇಡುತ್ತದೆ. ಸುಮಾರು 500 ಕಿ.ಮೀ.ಗೊಮ್ಮೆ, ಕೆಸರಿನಲ್ಲಿ ಓಡಿದರೆ ಇನ್ನೂ ಬೇಗ, ಒರೆಸಿ ಚೈನ್ ಲ್ಯೂಬ್ ಹಾಕಿ. ಬಳಸಿದ ಎಂಜಿನ್ ಆಯಿಲ್ ಸುರಿಯುವ ರೂಢಿ ಬಿಡಿ. ಅದರಲ್ಲಿ ಲೋಹದ ಪುಡಿಯೂ ಮಸಿಯೂ ಇರುತ್ತದೆ. ಓ-ರಿಂಗ್ ಚೈನನ್ನು ಪೆಟ್ರೋಲಿನಿಂದ ತೊಳೆಯಬೇಡಿ, ರಬ್ಬರ್ ಉಂಗುರ ಹಾಳಾಗುತ್ತದೆ. ಸಡಿಲ ಎಷ್ಟಿರಬೇಕೆಂಬುದು ಬೈಕಿನ ಕೈಪಿಡಿಯಲ್ಲಿದೆ. ತೀರಾ ಸಡಿಲವಾದ ಚೈನ್ ಕಳಚಿಕೊಂಡರೆ ಹಿಂದಿನ ಚಕ್ರ ಸಿಕ್ಕಿಹಾಕಿಕೊಂಡು ಬೈಕ್ ಬೀಳಬಹುದು.

ಎಲ್ಲಕ್ಕಿಂತ ಮುಖ್ಯವಾದ ಮಾತು: ಎಂಜಿನ್ ಚಾಲೂ ಇಟ್ಟು, ಗೇರ್ ಹಾಕಿ, ಬಟ್ಟೆಯಿಂದ ಚೈನ್ ಒರೆಸಬೇಡಿ. ಬಟ್ಟೆಯ ಜೊತೆ ಬೆರಳೂ ಸ್ಪ್ರಾಕೆಟ್‌ಗೆ ಸಿಕ್ಕಿ ತುಂಡಾಗುತ್ತದೆ. ಎಂಜಿನ್ ಬಂದ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಚಕ್ರವನ್ನು ಕೈಯಿಂದಲೇ ತಿರುಗಿಸಿ. ಬೆಲ್ಟಿಗೂ ಇದೇ ನಿಯಮ. ಹಿಂದೆ ಕುಳಿತವರ ಸೀರೆ, ದುಪಟ್ಟಾ ಸಿಕ್ಕದಂತೆ ಸೀರೆ ಗಾರ್ಡ್ ಕೂಡ ತೆಗೆಸಬೇಡಿ.