ಮಾಜಿ ಸೈನಿಕರ ಮಾನಸಿಕ ಆರೋಗ್ಯ ಮತ್ತು ಮೊಬೈಲ್ ಆಪ್‌ಗಳು: ಸಿಂಧನೂರು, ಲಿಂಗಸುಗೂರು, ಮಸ್ಕಿ

ಸೇನೆಯಿಂದ ನಿವೃತ್ತರಾದವರಲ್ಲಿ ಕಾಣುವ ನಿದ್ರಾಹೀನತೆ, ಆಘಾತೋತ್ತರ ಒತ್ತಡ (ಪಿಟಿಎಸ್‌ಡಿ), ಖಿನ್ನತೆ, ಕುಡಿತದ ಚಟ ಮುಂತಾದವನ್ನು ಗುರುತಿಸಲು, ಹತೋಟಿಯಲ್ಲಿಡಲು, ಬೇಕಾದಾಗ ವೈದ್ಯರ ಬಳಿಗೆ ಮುಟ್ಟಿಸಲು ಮೊಬೈಲ್ ಆಪ್‌ಗಳನ್ನು ಬಳಸುವ ಪದ್ಧತಿ. 2011ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಪಿಟಿಎಸ್‌ಡಿ ಕೋಚ್’ ಇದರ ಹೆಸರಾಂತ ಆರಂಭದ ಉದಾಹರಣೆ. ಭಾರತದಲ್ಲಿ 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, 2024ರಲ್ಲಿ ಬಂದ ಅದರ ಆಪ್ ಈ ಕೆಲಸಕ್ಕೆ ಒದಗುವ ಸರ್ಕಾರಿ ಸಾಧನಗಳು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಯಂಥ ತಾಲ್ಲೂಕುಗಳಲ್ಲಿ ಆಪ್ ಚಿಕಿತ್ಸೆಯ ಜಾಗವನ್ನು ತುಂಬಲಾರದು. ಕನ್ನಡದಲ್ಲಿ ಮಾತಾಡುವ ಒಬ್ಬ ಆಪ್ತಸಮಾಲೋಚಕರಿಗೆ, ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ ಎಷ್ಟರಮಟ್ಟಿಗೆ ದಾರಿ ಮಾಡಿಕೊಡುತ್ತದೋ ಅಷ್ಟೇ ಅದರ ಬೆಲೆ.

ಪ್ರದೇಶ

ಮೂರೂ ತಾಲ್ಲೂಕುಗಳು ಕೃಷ್ಣಾ–ತುಂಗಭದ್ರೆಯ ನಡುವಿನ ರಾಯಚೂರು ದೋಆಬ್‌ಗೆ ಸೇರಿದವು. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ, ಮುದಗಲ್ಲ ಕೋಟೆ ಇವೆ. 1915ರಲ್ಲಿ ಸಿಕ್ಕ ಅಶೋಕನ ಶಾಸನದಿಂದ ಹೆಸರಾದ ಮಸ್ಕಿ ಪ್ರತ್ಯೇಕ ತಾಲ್ಲೂಕಾದದ್ದು ಇತ್ತೀಚೆಗೆ. ಕೊಡಗು, ಬೆಳಗಾವಿಯಂತೆ ಇದು ಸೈನಿಕರ ತವರೆಂದು ಹೆಸರು ಪಡೆದ ಸೀಮೆಯಲ್ಲ. ಅಲ್ಲೆಲ್ಲ ಊರಿಗೆ ಹತ್ತಾರು ಮಂದಿ ನಿವೃತ್ತರು ಸಿಗುತ್ತಾರೆ, ಕಟ್ಟೆಯ ಮೇಲೆ ಕೂತು ಪಲ್ಟನ್ನಿನ ಮಾತು ಆಡಿಕೊಳ್ಳುತ್ತಾರೆ. ಇಲ್ಲಿ ‘ಮಿಲ್ಟ್ರಿಯಂವ’ ಎಂದರೆ ಊರಿಗೆಲ್ಲ ಯಾರೆಂದು ಗೊತ್ತಾಗುತ್ತದೆ. ಗೌರವ ಇದೆ, ಸ್ವಾತಂತ್ರ್ಯೋತ್ಸವದ ದಿನ ಶಾಲೆಯಲ್ಲಿ ಶಾಲು–ಹಾರ ಇದೆ. ತನ್ನಂತೆಯೇ ಕಂಡುಂಡವರ ಜೊತೆ ಕೂತು ಮಾತಾಡುವ ಅವಕಾಶ ಮಾತ್ರ ಕಡಿಮೆ.

ಭಾಷೆಯ ಚಿತ್ರವೂ ಸರಳವಲ್ಲ. ಕನ್ನಡದ ಜೊತೆ ತೆಲುಗು, ಉರ್ದು, ಲಂಬಾಣಿ ನಡೆಯುತ್ತವೆ. ಕಾಲುವೆ ಬಂದ ಮೇಲೆ ಆಂಧ್ರದ ರೈತರು ನೆಲೆಸಿದ ಕ್ಯಾಂಪುಗಳಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸಿಂಧನೂರಿನ ಬಳಿ ಕಟ್ಟಿಕೊಟ್ಟ ಪುನರ್ವಸತಿ ಕ್ಯಾಂಪುಗಳಲ್ಲಿ ಮನೆಮಾತು ಇಂದಿಗೂ ಬಂಗಾಳಿ. ಹೀಗಾಗಿ ಇಂಗ್ಲಿಷಿನಲ್ಲಷ್ಟೇ ಇರುವ ಆಪ್ ಇಲ್ಲಿ ಬಹುಮಟ್ಟಿಗೆ ಇದ್ದೂ ಇಲ್ಲದಂತೆ.

ನಿವೃತ್ತಿಯ ನಂತರ

ಸಿಪಾಯಿಯಾಗಿ ಸೇರಿದವನು ಹದಿನೈದು–ಹದಿನೇಳು ವರ್ಷದ ಸೇವೆ ಮುಗಿಸಿ ಮೂವತ್ತೈದು–ನಲವತ್ತರ ವಯಸ್ಸಿಗೆ ಊರಿಗೆ ಬರುತ್ತಾನೆ. ಪಿಂಚಣಿ ಇರುತ್ತದೆ, ಮಕ್ಕಳ ಓದು ಇನ್ನೂ ಅರ್ಧದಲ್ಲಿರುತ್ತದೆ. ಬ್ಯಾಂಕಿನ ಕಾವಲು, ಸರ್ಕಾರಿ ನೌಕರಿಯ ಮೀಸಲಾತಿ ಅಥವಾ ಹೊಲ ಅವನ ಎರಡನೇ ಬದುಕಾಗುತ್ತದೆ. ಕಾಲುವೆಯ ಕೊನೆ ಭಾಗದಲ್ಲಿ ಹೊಲ ಇದ್ದವರಿಗೆ ಚಿಂತೆ ಬೇರೆ ಬಗೆಯದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಎಡದಂಡೆಯ ರೈತರೆಲ್ಲ ಒಂದು ವಾರ ಕಣ್ಣುಮುಚ್ಚಲಿಲ್ಲವೆಂದರೆ ಉತ್ಪ್ರೇಕ್ಷೆಯಲ್ಲ. ನಿವೃತ್ತ ಯೋಧನ ಮನಸ್ಸಿನ ಭಾರವನ್ನೆಲ್ಲ ಗಡಿಯ ನೆನಪಿನ ಲೆಕ್ಕಕ್ಕೆ ಹಚ್ಚುವುದು ತಪ್ಪು. ಅದರಲ್ಲಿ ಸಾಲ, ನೀರಿನ ಪಾಳಿ, ಆಸ್ತಿ ಜಗಳಗಳ ಪಾಲು ದೊಡ್ಡದು.

ಆಘಾತೋತ್ತರ ಒತ್ತಡದ ಲಕ್ಷಣಗಳೇ ಬೇರೆ. ಕಂಡ ಘಟನೆ ಕನಸಿನಲ್ಲೋ ಹಗಲಿನಲ್ಲೋ ಮತ್ತೆ ಮತ್ತೆ ಎದುರಾಗುವುದು, ಅದನ್ನು ನೆನಪಿಸುವ ಜಾಗ–ಜನರಿಂದ ತಪ್ಪಿಸಿಕೊಳ್ಳುವುದು, ತನ್ನ ಮೇಲೂ ಲೋಕದ ಮೇಲೂ ನಂಬಿಕೆ ಕುಸಿಯುವುದು, ಸದಾ ಎಚ್ಚರದ ಸ್ಥಿತಿಯಲ್ಲಿರುವುದು. ಈ ಸೀಮೆಯ ಬಾಯಲ್ಲಿ ಇವು ‘ನಿದ್ದಿ ಹತ್ತವಲ್ದು’, ‘ಎದಿ ಢವಢವ ಅಂತದ’, ‘ಸಿಟ್ಟು ತಡಿಯಾಕಾಗವಲ್ದು’ ಎಂದು ಬರುತ್ತವೆ. ಮುದಗಲ್ಲಿನ ಮೊಹರಂ ಹಿಂದೂ–ಮುಸ್ಲಿಮರಿಬ್ಬರೂ ಸೇರಿ ಆಚರಿಸುವ ದೊಡ್ಡ ಹಬ್ಬ. ಹಲಗೆ, ಜನಜಂಗುಳಿ, ರಾತ್ರಿಯಿಡೀ ಗದ್ದಲ. ಊರವರಿಗೆ ಸಂಭ್ರಮವಾಗುವ ಆ ಗದ್ದಲವೇ ಸದಾ ಎಚ್ಚರದಲ್ಲಿರುವ ಮನಸ್ಸಿಗೆ ಹಿಂಸೆಯಾಗಬಹುದು. ಗಣಪತಿ ವಿಸರ್ಜನೆಯ ಡಿಜೆಗೂ ದೀಪಾವಳಿಯ ಪಟಾಕಿಗೂ ಇದೇ ಮಾತು ಸಲ್ಲುತ್ತದೆ. ಇಂಥ ಮನಸ್ಸಿನ ಯೋಧ ಹಬ್ಬದ ದಿನ ಹೊಲಕ್ಕೆ ಹೋಗಿ ಕೂತರೆ ಮನೆಯವರು ಅದನ್ನು ಗರ್ವ ಎಂದುಕೊಳ್ಳುತ್ತಾರೆ.

ಬಾಯಿ ಬಿಡದಿರುವ ಅಭ್ಯಾಸ ಸೇನೆಯಲ್ಲೇ ಬೇರೂರುತ್ತದೆ. ಸೈನಿಕರ ವೈದ್ಯಕೀಯ ಅರ್ಹತೆಯನ್ನು ಅಳೆಯುವ ‘ಶೇಪ್’ ವರ್ಗೀಕರಣದ ಐದು ಅಂಶಗಳಲ್ಲಿ ಮೊದಲನೆಯದೇ ಮನೋಸ್ಥಿತಿ. ‘ಶೇಪ್-1’ ಇದ್ದವನು ಪೂರ್ಣ ಅರ್ಹ. ಅಲ್ಲಿಂದ ಇಳಿದರೆ ಬಡ್ತಿಗೂ ನೇಮಕದ ಜಾಗಕ್ಕೂ ತೊಡಕು. ಹದಿನೈದು ವರ್ಷ ‘ಏನಿಲ್ಲ ಸಾಬ್, ಠೀಕ್ ಇದೀನಿ’ ಎಂದು ಹೇಳಿ ರೂಢಿಯಾದವನು ಊರಿನ ಡಾಕ್ಟರ ಮುಂದೆ ಬೇರೆ ಹೇಳುವುದಿಲ್ಲ. ಯಾರಿಗೂ ತಿಳಿಯದಂತೆ ತನ್ನ ಅಂಗೈಯಲ್ಲೇ ಪ್ರಶ್ನೆಗಳಿಗೆ ಉತ್ತರಿಸಬಹುದಾದ ಆಪ್‌ಗೆ ಸೈನಿಕರ ಲೋಕದಲ್ಲಿ ಇಷ್ಟು ಬೇಗ ಜಾಗ ಸಿಕ್ಕಿದ್ದು ಈ ಕಾರಣಕ್ಕೆ.

ಆಪ್‌ಗಳ ಬೆಳವಣಿಗೆ

ಪಿಟಿಎಸ್‌ಡಿ ಕೋಚ್ ಅನ್ನು ಅಮೆರಿಕದ ಮಾಜಿ ಸೈನಿಕರ ವ್ಯವಹಾರಗಳ ಇಲಾಖೆ ಮತ್ತು ರಕ್ಷಣಾ ಇಲಾಖೆ ಕೂಡಿ ರೂಪಿಸಿದವು. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. ಕಾಯಿಲೆಯ ಬಗ್ಗೆ ತಿಳಿವಳಿಕೆ, ಲಕ್ಷಣಗಳ ಲೆಕ್ಕ, ಆ ಕ್ಷಣದ ಉಪಶಮನ, ಸಹಾಯದ ದಾರಿ ಎಂದು ಅದರಲ್ಲಿ ನಾಲ್ಕು ಭಾಗಗಳು. ಲಕ್ಷಣಗಳ ಲೆಕ್ಕಕ್ಕೆ ಬಳಕೆಯಾಗುವುದು 20 ಪ್ರಶ್ನೆಗಳ ಪಟ್ಟಿ. ಪ್ರತಿ ಪ್ರಶ್ನೆಗೆ 0ರಿಂದ 4, ಒಟ್ಟು 80 ಅಂಕ. 31–33ರ ಸುಮಾರಿಗೆ ಬಂದರೆ ವೈದ್ಯರನ್ನು ಕಾಣಬೇಕೆಂಬ ಸೂಚನೆ. ಇದು ರೋಗನಿರ್ಣಯವಲ್ಲ ಎಂಬುದನ್ನು ಒತ್ತಿ ಹೇಳಬೇಕು. ಉಪಶಮನದ ಭಾಗ ಹೀಗೆ ನಡೆಯುತ್ತದೆ: ಈಗಿನ ಸಂಕಟ ಎಷ್ಟೆಂದು 0ರಿಂದ 10ರ ಮಾಪಕದಲ್ಲಿ ಬೆರಳಿಟ್ಟು ತೋರಿಸಬೇಕು. ಆಪ್ ಉಸಿರಾಟದ ಅಭ್ಯಾಸವನ್ನೋ, ಸುತ್ತಲಿನ ವಸ್ತುಗಳ ಮೇಲೆ ಗಮನ ನಿಲ್ಲಿಸುವ ಕ್ರಮವನ್ನೋ ಮುಂದಿಡುತ್ತದೆ. ಮುಗಿದ ಮೇಲೆ ಮತ್ತೊಮ್ಮೆ ಅಳೆಯಬೇಕು. 8 ಇದ್ದದ್ದು 5ಕ್ಕೆ ಇಳಿದದ್ದು ಕಣ್ಣಿಗೆ ಕಾಣುತ್ತದೆ. ಲಾಭ ಇಷ್ಟೇ, ಆದರೆ ಅದು ಸಣ್ಣದಲ್ಲ. ಆಸ್ಟ್ರೇಲಿಯಾ, ಕೆನಡಾ, ಸ್ವೀಡನ್, ಜರ್ಮನಿಗಳಲ್ಲಿ ಇದರ ಸ್ಥಳೀಯ ರೂಪಗಳು ಬಂದಿವೆ. ಆಘಾತಕ್ಕೊಳಗಾದ 120 ಮಂದಿಯ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆಪ್ ಬಳಸಿದವರು ಹೆಚ್ಚು ಸುಧಾರಿಸಿದ್ದು ಕಂಡರೂ ಕೊನೆಯ ಅಳತೆಯಲ್ಲಿ ಎರಡು ಗುಂಪುಗಳ ನಡುವಿನ ಅಂತರ ದೊಡ್ಡದಾಗಿರಲಿಲ್ಲ.

ನಿದ್ರೆಗಾಗಿ ಅಮೆರಿಕದ ಮಾಜಿ ಸೈನಿಕರ ಇಲಾಖೆಯದೇ ‘ಸಿಬಿಟಿ-ಐ ಕೋಚ್’ ಇದೆ. ಮಲಗಿದ, ಎದ್ದ, ನಡುವೆ ಎಚ್ಚರಾದ ಹೊತ್ತನ್ನು ದಿನವೂ ದಾಖಲಿಸಿ ಮಲಗುವ ಅವಧಿಯನ್ನು ಹಂತಹಂತವಾಗಿ ಸರಿಪಡಿಸುವುದು ಅದರ ಕ್ರಮ. ಇದನ್ನು ಸಿಂಧನೂರಿನ ಹೊಲಕ್ಕೆ ತಂದು ನೋಡಬೇಕು. ತ್ರೀಫೇಸ್ ಕರೆಂಟ್ ರಾತ್ರಿ ಎರಡಕ್ಕೆ ಬಂದರೆ ಪಂಪ್‌ಸೆಟ್ ಹಾಕಲು ಏಳಲೇಬೇಕು. ಕಾಲುವೆಯ ನೀರಿನ ಪಾಳಿ ಇದ್ದರೆ ತೂಬಿನ ಹತ್ತಿರ ಟಾರ್ಚ್ ಹಿಡಿದು ಕಾಯಬೇಕು. ಆಪ್ ಇದನ್ನು ನಿದ್ರಾಹೀನತೆಯೆಂದು ಬರೆದುಕೊಳ್ಳುತ್ತದೆ. ಇನ್ನೊಂದು ಕಡೆ ಹೊಲದ ಕೆಲಸವಿಲ್ಲದ ದಿನವೂ ಎರಡು ಗಂಟೆಗೆ ಎದ್ದು ಮನೆ ಸುತ್ತ ಒಂದು ಸುತ್ತು ಹಾಕಿ ಬಾಗಿಲ ಚಿಲಕ ನೋಡಿ ಬರುವವನ ಎಚ್ಚರವನ್ನು ಮನೆಯವರು ನೀರಿನ ಚಿಂತೆ ಎಂದುಕೊಳ್ಳುತ್ತಾರೆ. ಎರಡನ್ನೂ ಬಿಡಿಸಿ ನೋಡಲು ಈ ಸೀಮೆಯ ಬದುಕು ಗೊತ್ತಿರುವ ಒಬ್ಬ ಮನುಷ್ಯ ಬೇಕು.

ಕುಡಿತದ ವಿಷಯದಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ಮಾಜಿ ಸೈನಿಕರಿಗಾಗಿಯೇ ‘ಡ್ರಿಂಕ್ಸ್ ರೇಷನ್’ ಎಂಬ ಆಪ್ ಮಾಡಿತು. ಕುಡಿದ ಲೆಕ್ಕ ಬರೆಸಿಕೊಂಡು ವ್ಯಕ್ತಿಗೆ ತಕ್ಕ ಸಂದೇಶ ಕಳಿಸುವುದು ಅದರ ಕೆಲಸ. 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕುಡಿತ ಇಳಿದದ್ದು ದಾಖಲಾಯಿತು. ಸೇನೆಯ ಕ್ಯಾಂಟೀನ್ ಕಾರ್ಡಿನ ಮೇಲೆ ರಿಯಾಯಿತಿ ದರದ ಮದ್ಯದ ತಿಂಗಳ ಕೋಟಾ ಸಿಗುವ ನಮ್ಮ ಮಾಜಿ ಸೈನಿಕರಿಗೂ ಇಂಥದ್ದು ಬೇಕು.

ಟೆಲಿ ಮಾನಸ್

2022–23ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾಗಿ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾದ ರಾಷ್ಟ್ರೀಯ ದೂರ ಮಾನಸಿಕ ಆರೋಗ್ಯ ಸೇವೆ ಇದು. ಸಂಖ್ಯೆ 14416 ಅಥವಾ 1800-891-4416; ಹಗಲು–ರಾತ್ರಿ, ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಇದರ ಮೇಲುಕೇಂದ್ರ, ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ತಾಂತ್ರಿಕ ಪಾಲುದಾರ. ಕನ್ನಡ, ತೆಲುಗು, ಬಂಗಾಳಿ ಸೇರಿ ಇಪ್ಪತ್ತು ಭಾಷೆಗಳಲ್ಲಿ ಉತ್ತರ ಸಿಗುತ್ತದೆ. ಮೊದಲು ತರಬೇತಾದ ಸಮಾಲೋಚಕರು ಮಾತಾಡುತ್ತಾರೆ, ಅಗತ್ಯವಿದ್ದರೆ ಮನೋವೈದ್ಯರಿಗೆ, ಅಲ್ಲಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೋ ವೈದ್ಯಕೀಯ ಕಾಲೇಜಿಗೋ ದಾಟಿಸುತ್ತಾರೆ. ರಾಯಚೂರಿಗೆ ಸಂಬಂಧಿಸಿ ಆ ಕಾಲೇಜು 2007ರಲ್ಲಿ ಸ್ಥಾಪನೆಯಾದ ರಿಮ್ಸ್.

ಸಶಸ್ತ್ರ ಪಡೆಗಳವರಿಗಾಗಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್ 1ರಂದು ವಿಶೇಷ ಟೆಲಿ ಮಾನಸ್ ಘಟಕ ತೆರೆಯಿತು. ಪಲ್ಟನ್, ಪೋಸ್ಟಿಂಗ್, ಶೇಪ್ ಎಂಬ ಮಾತುಗಳನ್ನು ಬಿಡಿಸಿ ಹೇಳಬೇಕಿಲ್ಲದ ಕಿವಿ ಸಿಗುವುದು ಅದರ ದೊಡ್ಡ ಅನುಕೂಲ. 2024ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಆಪ್ ಬಿಡುಗಡೆಯಾಯಿತು. ವಿಡಿಯೋ ಮೂಲಕ ವೈದ್ಯರನ್ನು ಕಾಣುವ ಸೌಲಭ್ಯ ಮೊದಲು ಸಿಕ್ಕ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2025ರ ಅಕ್ಟೋಬರ್‌ನಲ್ಲಿ ಆಪ್‌ಗೆ ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳ ರೂಪ ಬಂತು.

ಇದಲ್ಲದೆ ರಕ್ಷಣಾ ಸಚಿವಾಲಯದ ‘ಸೆಹತ್’ ದೂರ ಸಮಾಲೋಚನೆ 2021ರ ಮೇ 27ರಿಂದ ನಡೆದಿದೆ. 2003ರಲ್ಲಿ ಆರಂಭವಾದ ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆಯ ಪಾಲಿಕ್ಲಿನಿಕ್‌ಗಳು ಇರುವುದು ಹೆಚ್ಚಾಗಿ ದೊಡ್ಡ ಊರು, ದಂಡು ಪ್ರದೇಶಗಳಲ್ಲಿ. ಮಸ್ಕಿಯಿಂದ ಒಂದು ಸಮಾಲೋಚನೆಗೆ ಹೋಗಿಬರಲು ದಿನವೇ ಬೇಕಾಗುವಾಗ ಅರ್ಧ ಗಂಟೆಯ ವಿಡಿಯೋ ಕರೆಯ ಬೆಲೆ ಏನೆಂದು ಬಸ್ ಸ್ಟ್ಯಾಂಡಿನಲ್ಲಿ ಕಾದವರಿಗೇ ಗೊತ್ತು.

ಬಳ್ಳಾರಿಯ ಪಾಠ

ಊರಿನ ಆಸ್ಪತ್ರೆಗೇ ಮನೋಚಿಕಿತ್ಸೆ ತರುವ ಯೋಚನೆ ಈ ಸೀಮೆಗೆ ಆಪ್ ಜೊತೆ ಬಂದದ್ದಲ್ಲ. ಸಿಂಧನೂರಿನ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಅಗತ್ಯ ಔಷಧಿ ಒದಗಿಸಿ, ಜಿಲ್ಲೆಯ ಮಟ್ಟದಲ್ಲೇ ಚಿಕಿತ್ಸೆ ಸಾಧ್ಯವೆಂದು ತೋರಿಸಿದವು. 1996ರಲ್ಲಿ ಶುರುವಾದ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಇದೇ ಬಳ್ಳಾರಿ. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡುವ ‘ಮನೋಚೈತನ್ಯ’ 2014ರಲ್ಲಿ ರಾಜ್ಯದಲ್ಲಿ ಆರಂಭವಾಯಿತು. ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ದಶಕಗಳಿಂದ ಬರೆದ ಪುಸ್ತಕ, ಅಂಕಣಗಳಿಂದ ಮನಸ್ಸಿನ ಕಾಯಿಲೆಯ ಬಗ್ಗೆ ಹೆದರಿಸದೆ ಮಾತಾಡುವ ಕನ್ನಡವೂ ಸಿದ್ಧವಾಗಿದೆ. ಆಪ್ ಮಾಡುವವರು ಇಂಗ್ಲಿಷ್ ಪ್ರಶ್ನಾವಳಿಯನ್ನು ಯಂತ್ರಕ್ಕೆ ಕೊಟ್ಟು ಅನುವಾದಿಸುವ ಬದಲು ಆ ಕನ್ನಡವನ್ನು ಎತ್ತಿಕೊಳ್ಳಬಹುದು.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ಬೇರೆ ಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇ 70ರಿಂದ 92. ಈ ಅಂತರವನ್ನು ಆಪ್ ಒಂದೇ ತುಂಬದು.

ಮಿತಿಗಳು

ಮೊದಲ ಮಿತಿ ಬಳಕೆಯದು. 93 ಮಾನಸಿಕ ಆರೋಗ್ಯ ಆಪ್‌ಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಕಿಕೊಂಡ 30 ದಿನಗಳ ನಂತರವೂ ತೆರೆಯುತ್ತಿದ್ದವರ ಮಧ್ಯಮ ಪ್ರಮಾಣ ಶೇ 3.3 ಮಾತ್ರ. ಖಾಸಗಿ ಆಪ್‌ಗಳಲ್ಲಿ ಗುಟ್ಟು ಉಳಿಯದಿರುವುದು ಇನ್ನೊಂದು ಕಷ್ಟ. ‘ಬೆಟರ್‌ಹೆಲ್ಪ್’ ಎಂಬ ಅಮೆರಿಕದ ಸೇವೆ ಬಳಕೆದಾರರ ಆರೋಗ್ಯ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್‌ನಂಥ ಕಂಪನಿಗಳಿಗೆ ಕೊಟ್ಟಿತೆಂಬ ಆರೋಪದಲ್ಲಿ 2023ರಲ್ಲಿ 78 ಲಕ್ಷ ಡಾಲರ್ ತೆರಲು ಒಪ್ಪಿತು. ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಮಾಹಿತಿ ಗುಟ್ಟಾಗಿರಬೇಕೆನ್ನುತ್ತದೆ, 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೂ ಬಂತು.

ಹಳ್ಳಿಯಲ್ಲಿ ಗುಟ್ಟು ಸೋರುವುದು ಕಂಪನಿಗಿಂತ ಮನೆಯೊಳಗೇ ಹೆಚ್ಚು. ನವೆಂಬರ್ ಬಂದರೆ ನಿವೃತ್ತರು ಗ್ರಾಮ ಒನ್ ಕೇಂದ್ರಕ್ಕೆ ಹೋಗಿ ಕ್ಯಾಮೆರಾ ಮುಂದೆ ಮುಖ ತೋರಿಸಿ ಜೀವನ ಪ್ರಮಾಣ ಸಲ್ಲಿಸುತ್ತಾರೆ, ಪಿಂಚಣಿಯ ಸ್ಪರ್ಶ್ ಪೋರ್ಟಲ್‌ನ ಪಾಸ್‌ವರ್ಡ್ ಮಗನ ಹತ್ತಿರ ಇರುತ್ತದೆ, ಒಟಿಪಿ ಓದುವವಳು ಮೊಮ್ಮಗಳು. ಇಂಥ ಫೋನಿನಲ್ಲಿ ‘ಕಳೆದ ತಿಂಗಳು ಸಾಯಬೇಕೆನಿಸಿತೇ’ ಎಂಬ ಪ್ರಶ್ನೆಗೆ ಅಜ್ಜ ನಿಜ ಉತ್ತರ ಕೊಡುವುದು ಕಷ್ಟ. ಅಂಥವರಿಗೆ ಆಪ್‌ಗಿಂತ ಬರಿಯ ಕರೆಯೇ ವಾಸಿ. ಐದಂಕಿಯ ಸಂಖ್ಯೆಯನ್ನು ಕೀಪ್ಯಾಡ್ ಫೋನಿನಲ್ಲೂ ಒತ್ತಬಹುದು. ಎಷ್ಟೋ ಸಲ ಕರೆ ಮಾಡಬೇಕಾದವಳು ಹೆಂಡತಿಯೇ, ಅದಕ್ಕೂ ಟೆಲಿ ಮಾನಸ್‌ನಲ್ಲಿ ಅಡ್ಡಿಯಿಲ್ಲ.

ಅಗ್ನಿವೀರರು

2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇರಿದವರ ಸೇವೆ ನಾಲ್ಕು ವರ್ಷ. ಕಾಯಂ ಆಗುವ ಶೇ 25ರಷ್ಟು ಮಂದಿಯನ್ನು ಬಿಟ್ಟು ಉಳಿದವರು ಇಪ್ಪತ್ತೈದರ ಆಸುಪಾಸಿನಲ್ಲೇ ಊರಿಗೆ ಮರಳುತ್ತಾರೆ. ಮೊದಲ ತಂಡದ ಅವಧಿ ಮುಗಿಯುವುದು 2026ರ ಕೊನೆಯ ಹೊತ್ತಿಗೆ. ಇವರಿಗೆ ಸ್ಮಾರ್ಟ್‌ಫೋನ್ ಕಲಿಸಬೇಕಿಲ್ಲ, ಆಪ್ ತೆರೆಯಲು ಯಾರ ನೆರವೂ ಬೇಡ. ಆದರೆ ಪಿಂಚಣಿಯಾಗಲಿ ಮಾಜಿ ಸೈನಿಕರ ಆರೋಗ್ಯ ಯೋಜನೆಯಾಗಲಿ ಇವರಿಗೆ ಇಲ್ಲ. ಮಸ್ಕಿಗೋ ಲಿಂಗಸುಗೂರಿಗೋ ಮರಳಿದ ಅಗ್ನಿವೀರನಿಗೆ ನಿದ್ದೆ ಕೆಟ್ಟರೆ ಉಳಿಯುವುದು ಎಲ್ಲ ನಾಗರಿಕರಿಗೂ ಇರುವ 14416 ಮತ್ತು ತಾಲ್ಲೂಕು ಆಸ್ಪತ್ರೆಯ ಮಂಗಳವಾರ.